ಆರು ಬಾಟಲಿ, ಒಂದು ಚಮಚ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನನ್ನು ಕುಡುಕನೆಂದು ಸರ್ಕಾರದ ಕಾಗದದಲ್ಲಿ ಬರೆಸಿದವನು ನಾನೇ. ಇದರಲ್ಲಿ ಶತ್ರುಗಳ ಕೈವಾಡವೇನೂ ಇಲ್ಲ. ಆಗ ನನಗೆ ಇಪ್ಪತ್ತನಾಲ್ಕು ವರ್ಷ. ಅಲ್ಲಿಯವರೆಗೆ ನಾನು ಕುಡಿದದ್ದನ್ನೆಲ್ಲ ಒಟ್ಟಿಗೆ ಸುರಿದರೂ ನಮ್ಮ ಸೋದರತ್ತೆಯ ಚಹಾದ ಲೋಟ ತುಂಬುತ್ತಿರಲಿಲ್ಲ. ಆ ಕಾಗದದ ದೆಸೆಯಿಂದ ಒಂದು ಮದುವೆ ಮುರಿದುಬೀಳುವುದರಲ್ಲಿತ್ತು. ಬೇರೆ ಯಾರದಾದರೂ ಆಗಿದ್ದರೆ ನಾನೇ ಅದನ್ನು ಅಣಕಿಸಿಕೊಂಡು ದಾವಣಗೆರೆಯ ಗಲ್ಲಿಗಲ್ಲಿ ತಿರುಗುತ್ತಿದ್ದೆ. ನನ್ನದೇ ಆದ್ದರಿಂದ ಮರ್ಯಾದೆಯಾಗಿ ಕೂತು ಬರೆಯುತ್ತಿದ್ದೇನೆ.

ಅಣಕಿಸುವುದು ನನ್ನ ಹುಟ್ಟುಗುಣ. ಹೊಟ್ಟೆಪಾಡಿಗೆ ಹರಿಹರದ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ನಕ್ಷೆ ಬರೆಯುತ್ತಿದ್ದೆ. ಬೆಳಿಗ್ಗೆ ದಾವಣಗೆರೆಯಲ್ಲಿ ರೈಲು ಹತ್ತಿದರೆ ಹರಿಹರ ಬರುವಷ್ಟರಲ್ಲಿ ಮ್ಯಾನೇಜರು, ಮೇಸ್ತ್ರಿ, ಟಿಕೆಟ್ ಕೇಳುವವರು ಎಲ್ಲರೂ ನನ್ನ ಗಂಟಲಿನಿಂದ ಒಬ್ಬೊಬ್ಬರಾಗಿ ಇಳಿದಿರುತ್ತಿದ್ದರು. ಹೀಗಿರುವಾಗ ಹೊಸ ಲೇತ್ ಯಂತ್ರಗಳನ್ನು ಕೂರಿಸಲು ಅಮೆರಿಕದಿಂದ ವಾಲ್ಟರ್ ಎಂಬ ಸಾಹೇಬರು ಬಂದರು. ಕೆಂಟಕಿ ಸೀಮೆಯವರು. ಆರಡಿ ಎತ್ತರ, ನಡೆದರೆ ಒಂಟೆ, ಮಾತಾಡಿದರೆ ಬಾಯಲ್ಲಿ ಬಿಸಿ ಆಲೂಗಡ್ಡೆ. ಇಂಥ ಮನುಷ್ಯನನ್ನು ದೇವರು ನನ್ನ ಮುಂದೆ ತಂದು ನಿಲ್ಲಿಸಿದ ಮೇಲೆ ನಾನು ಸುಮ್ಮನಿರುವುದು ದೈವದ್ರೋಹವಾಗುತ್ತಿತ್ತು. ಮೂರನೆಯ ದಿನವೇ ಅವರ ಹಾಗೆ ನಡೆದು ತೋರಿಸುತ್ತಿದ್ದಾಗ, ನಗುತ್ತಿದ್ದ ಗೆಳೆಯರೆಲ್ಲ ಇದ್ದಕ್ಕಿದ್ದಂತೆ ನಗು ನಿಲ್ಲಿಸಿದರು. ತಿರುಗಿ ನೋಡಿದರೆ ಸಾಹೇಬರು.

ಕೆಲಸ ಹೋಯಿತು ಎಂದುಕೊಂಡೆ. ಸಾಹೇಬರು ಮಾತ್ರ ಗಂಭೀರವಾಗಿ ನನ್ನ ಎಡಗಾಲನ್ನು ನೋಡಿ, ಅದನ್ನು ಇನ್ನೂ ಸ್ವಲ್ಪ ಎಳೆಯಬೇಕು, ಯುದ್ಧದಲ್ಲಿ ಆ ಮಂಡಿಗೆ ಪೆಟ್ಟಾಗಿತ್ತು ಎಂದು ತಿದ್ದಿದರು. ಆಮೇಲೆ ಸಂಜೆ ತಮ್ಮ ಬಂಗಲೆಗೆ ಬರಬೇಕೆಂದರು.

ನಮ್ಮ ಜಿಲ್ಲೆಯಲ್ಲಿ ಆಗ ಪಾನನಿರೋಧ. ಪರದೇಶದವರೆಂಬ ಕಾರಣಕ್ಕೆ ಸಾಹೇಬರಿಗೆ ಪರ್ಮಿಟ್ಟಿತ್ತು. ಹೊಳೆಯ ಕಡೆಗೆ ಮುಖ ಮಾಡಿದ ಅವರ ಪಡಸಾಲೆಯಲ್ಲಿ, ಮುಂದೆ ಮಂಡಕ್ಕಿ ಮೆಣಸಿನಕಾಯಿಯ ತಟ್ಟೆ ಇಟ್ಟುಕೊಂಡು, ನಾನು ಮೊದಲ ಬಾರಿ ಬರ್ಬನ್ ಎಂಬ ಅಮೆರಿಕದ ವಿಸ್ಕಿಯ ಮುಖ ನೋಡಿದೆ. ಕುಡಿಯುವುದಕ್ಕೆ ಮೊದಲು ಮೂಸಬೇಕು, ಮೂಸುವಾಗ ಬಾಯಿ ತುಸು ತೆರೆದಿರಬೇಕು ಎಂದರು ಸಾಹೇಬರು. ಬಾಯಿ ತೆರೆದು ಮೂಸುವುದನ್ನು ನಾನು ಎಮ್ಮೆಗಳಲ್ಲಿ ಮಾತ್ರ ನೋಡಿದ್ದೆ. ಆದರೂ ಮೂಸಿದೆ. ವೆನಿಲ್ಲಾ ಬಂತೇ ಎಂದು ಕೇಳಿದರು. ವೆನಿಲ್ಲಾ ಎಂಬುದು ಹಣ್ಣೋ ಹೂವೋ ಹೆಂಗಸೋ ನನಗೆ ತಿಳಿಯದು. ನನಗೆ ಬಂದದ್ದು ಆಲೆಮನೆ. ಕೊಪ್ಪರಿಗೆಯಲ್ಲಿ ಬೆಲ್ಲ ಪಾಕಕ್ಕೆ ಬರುವ ಹೊತ್ತಿಗೆ ಯಾರೋ ಪಕ್ಕದಲ್ಲಿ ಕೊಬ್ಬರಿ ಸುಟ್ಟ ಹಾಗಿತ್ತು. ಒಂದು ಗುಟುಕು ಇಳಿಸಿದೆ. ಎದೆಯೊಳಗೆ ಯಾರೋ ಕಂಬಳಿ ಹಾಸಿ, ಮಡಿಕೆ ಸರಿಮಾಡಿ, ಕೂತುಕೊಂಡರು.

ಮುಂದಿನ ವಾರ ರೈ ಎಂಬ ಇನ್ನೊಂದು ವಿಸ್ಕಿ ಕೊಟ್ಟರು. ಇದು ಅಣ್ಣತಮ್ಮಂದಿರ ಪೈಕಿ ಒರಟ. ಒಣಶುಂಠಿ, ಮೆಣಸು, ಕೊನೆಗೆ ಓಂಕಾಳು ಅಗಿದ ಹಾಗೆ ಒಂದು ಚುರುಕು. ಬರ್ಬನ್ನು ನಮ್ಮ ದಾವಣಗೆರೆಯ ಜವಳಿ ವ್ಯಾಪಾರಿಯಂತೆ. "ಬರ್ರಿ, ಕೂಡ್ರಿ, ಚಾ ಕುಡೀರಿ, ಸೀರಿ ಆಮ್ಯಾಲೆ ನೋಡಿದ್ರಾತು" ಎಂದು ಒಳಗೆ ಕರೆದುಕೊಳ್ಳುತ್ತದೆ. ರೈ ಹಾಗಲ್ಲ. ಹರಿಹರದ ಸ್ಟೇಷನ್ನಿನ ಬಾಗಿಲಲ್ಲಿ ಕೈ ಅಡ್ಡ ಹಿಡಿದು "ಟಿಕೆಟ್ ಎಲ್ಲೈತ್ರಿ?" ಎಂದು ಕೇಳುವವರ ಜಾತಿ. ಟಿಕೆಟ್ ತೋರಿಸಿದ ಮೇಲೆ ಅವರೂ ಒಳ್ಳೆಯವರೇ.

ಇವೆರಡರ ಕುಲಗೋತ್ರವನ್ನೂ ಸಾಹೇಬರು ಹೇಳಿಕೊಟ್ಟರು. ಬರ್ಬನ್ನಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೆಕ್ಕೆಜೋಳ ಇರಲೇಬೇಕು, ನಾವು ಗೋವಿನಜೋಳ ಎನ್ನುತ್ತೇವಲ್ಲ, ಅದೇ. ರೈ ಎಂಬುದು ಚಳಿನಾಡಿನ ಒಂದು ಕಾಳು, ಗೋಧಿಯ ಸೋದರಸಂಬಂಧಿ. ಭಟ್ಟಿ ಇಳಿಸಿದ ರಸವನ್ನು ಓಕ್ ಮರದ ಹೊಸ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಲಗಿಸುತ್ತಾರೆ. ಮಲಗಿಸುವ ಮೊದಲು ಪೀಪಾಯಿಯ ಒಳಮೈಯನ್ನು ಬೆಂಕಿಯಲ್ಲಿ ಸುಟ್ಟು ಕರಿ ಮಾಡುತ್ತಾರೆ. ಬಣ್ಣ, ರುಚಿ, ಬೆಲ್ಲದ ವಾಸನೆ ಎಲ್ಲ ಬರುವುದು ಆ ಕರಿಯಿಂದ. ಮನೆಗೆ ಬಂದು ಈ ವಿದ್ಯೆಯನ್ನು ಅತ್ತೆಯ ಮುಂದೆ ಬಡಾಯಿಸಿದರೆ ಅವಳು ಬೆರಗಾಗಲೇ ಇಲ್ಲ. "ನಾನು ಹಾಲಿನ ಗಡಿಗಿಗೆ ಹೊಗೆ ಕೊಡಲ್ವೇನೋ? ಕೆನೀಗೆ ಆ ಘಮ ಮತ್ತೆಲ್ಲಿಂದ ಬರ್ತೈತೆ?" ಎಂದಳು. ಕೆಂಟಕಿ ಮತ್ತು ನಮ್ಮ ಹಳೇಪೇಟೆಯ ನಡುವಿನ ಸಮುದ್ರವನ್ನು ನಮ್ಮತ್ತೆ ಒಂದು ಗಡಿಗೆಯಿಂದ ದಾಟಿದ್ದಳು.

ಪೀಪಾಯಿಯಲ್ಲಿ ವರ್ಷ ವರ್ಷವೂ ಒಂದಿಷ್ಟು ಆವಿಯಾಗಿ ಹೋಗುತ್ತದಂತೆ. ಅದನ್ನು ಅವರು ದೇವದೂತರ ಪಾಲು ಎನ್ನುತ್ತಾರೆ. ಇದನ್ನು ಕೇಳಿ ನನಗೆ ನಮ್ಮ ದೇವರ ಮೇಲೆ ಅಭಿಮಾನ ಉಕ್ಕಿತು. ನಮ್ಮ ದೇವರು ನೈವೇದ್ಯದ ಪರಿಮಳ ತೆಗೆದುಕೊಂಡು ಹೋಳಿಗೆಯನ್ನು ನಮಗೇ ಬಿಡುತ್ತಾನೆ. ಅವರ ದೇವದೂತರು ಪರಿಮಳ ಬಿಟ್ಟು ಸರಕನ್ನೇ ಎತ್ತುತ್ತಾರೆ.

ಹನ್ನೊಂದು ತಿಂಗಳಾದ ಮೇಲೆ ಸಾಹೇಬರು ಊರಿಗೆ ಹೊರಟರು. ಹೊರಡುವಾಗ ಆರು ಬಾಟಲಿ ತೋರಿಸಿ, ಇವು ನಿನಗೆ ಎಂದರು. ನಾಲ್ಕು ಬರ್ಬನ್, ಎರಡು ರೈ. ನನ್ನ ಕಣ್ಣಲ್ಲಿ ನೀರು ಬಂತು. ಆಮೇಲೆ ಪರ್ಮಿಟ್ಟಿನ ನೆನಪು ಬಂತು. ಅದಿಲ್ಲದೆ ಬಾಟಲಿ ಇಟ್ಟುಕೊಂಡರೆ ಅಪರಾಧ. ಪರ್ಮಿಟ್ಟು ಬೇಕಾದರೆ, ಈ ಮನುಷ್ಯನಿಗೆ ಆರೋಗ್ಯದ ದೃಷ್ಟಿಯಿಂದ ಮದ್ಯ ಬೇಕೇ ಬೇಕು ಎಂದು ಡಾಕ್ಟರು ಬರೆದುಕೊಡಬೇಕು. ನನಗೋ ನೆಗಡಿ ಬಿಟ್ಟರೆ ಬೇರೆ ಕಾಯಿಲೆ ಗೊತ್ತಿಲ್ಲ.

ಇಲ್ಲಿ ನನ್ನ ವಿದ್ಯೆ ನನ್ನನ್ನು ಕೆಡಿಸಿತು. ನಮ್ಮ ಕಾರ್ಖಾನೆಯಲ್ಲಿ ಹಾಜರಿ ಬರೆಯುವ ಮುದುಕರೊಬ್ಬರಿದ್ದರು. ಪಾಪ, ಮಜ್ಜಿಗೆ ಬಿಟ್ಟು ಬೇರೇನೂ ಕುಡಿದವರಲ್ಲ, ವಯಸ್ಸಿಗೆ ಕೈ ನಡುಗುತ್ತಿತ್ತು, ತಲೆ ತೂಗುತ್ತಿತ್ತು. ಅವರ ನಡುಕ, ಅವರ ಕೆಮ್ಮು, ಮಾತಿನ ನಡುವೆ ಅವರು ಮರೆತು ನಿಲ್ಲುವ ರೀತಿ, ಎಲ್ಲವನ್ನೂ ಹೊತ್ತುಕೊಂಡು ಡಾಕ್ಟರ ಮುಂದೆ ಕೂತೆ. ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. "ಇಷ್ಟು ಸಣ್ಣ ವಯಸ್ಸಿಗೆ ಯಾಕ್ರಿ ಇಷ್ಟು ಹಾಳಾದ್ರಿ?" ಎಂದು ಮರುಗಿದರು. ನನ್ನ ಜೀವಮಾನದಲ್ಲಿ ನನ್ನ ಕಲೆಗೆ ಸಿಕ್ಕ ಅತಿದೊಡ್ಡ ಮೆಚ್ಚುಗೆ ಅದು. ಈತ ಮದ್ಯಕ್ಕೆ ಒಗ್ಗಿಹೋಗಿದ್ದಾನೆ, ಇದ್ದಕ್ಕಿದ್ದಂತೆ ಬಿಡಿಸಿದರೆ ಪ್ರಾಣಕ್ಕೆ ಅಪಾಯ ಎಂದು ಬರೆದುಕೊಟ್ಟರು. ಆ ಮಾತುಗಳೇ ಇಂಗ್ಲಿಷಿನಲ್ಲಿ, ಸಿಂಹಗಳ ಮುದ್ರೆಯ ಕೆಳಗೆ, ಪರ್ಮಿಟ್ಟಾಗಿ ಬಂದವು.

ಅತ್ತೆಯ ವಿಷಯ ಸ್ವಲ್ಪ ಹೇಳಬೇಕು. ಅಪ್ಪ ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಈ ಸೋದರತ್ತೆ ನೀಲಮ್ಮ. ಇಂಗ್ಲಿಷ್ ಬಾರದು. ಬಾಟಲಿ ಮೂಸಿದ ಕೂಡಲೇ ಒಳಗೇನಿದೆಯೆಂದು ತಿಳಿಯದಷ್ಟು ಮುಗ್ಧೆಯೂ ಅಲ್ಲ. "ಅತ್ತಿ, ಇದು ಔಷಧಿ. ಇಟ್ಕೋ ಅಂತ ಸರ್ಕಾರನೇ ಅಪ್ಪಣೆ ಕೊಟ್ಟೈತೆ ನೋಡು" ಎಂದು ಕಾಗದ ತೋರಿಸಿದೆ. ಅವಳು ಸಿಂಹಗಳನ್ನು ಕಣ್ಣಿಗೊತ್ತಿಕೊಂಡು, "ಸರ್ಕಾರ ಒಪ್ಪಿದ ಮ್ಯಾಲೆ ನಾನ್ಯಾರಪ್ಪ? ಆದ್ರೆ ಔಷಧಿ ಅಂದ ಮ್ಯಾಲೆ ಚಮಚದಾಗೇ ತಗೋಬೇಕು" ಎಂದಳು. ಅಂದಿನಿಂದ ಭಾನುವಾರಕ್ಕೊಂದು ಚಮಚ, ಅವಳ ಕೈಯಿಂದಲೇ. ಮುಖ ಸಿಂಡರಿಸದಿದ್ದರೆ ಔಷಧಿಯಲ್ಲವೆಂದು ಅನುಮಾನ ಪಡುತ್ತಾಳೆಂದು ನಾನು ಪ್ರತಿ ಸಲ ಸಿಂಡರಿಸುತ್ತಲೂ ಇದ್ದೆ.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಒಂದು ದಿನ ಕೆಲಸದಿಂದ ಬಂದು ನೋಡಿದರೆ ಪಡಸಾಲೆಯ ಗೋಡೆಯ ಮೇಲೆ, ನನ್ನ ಡಿಪ್ಲೊಮಾದ ಪಕ್ಕದಲ್ಲಿ, ಗಾಜು ಕಟ್ಟು ಹಾಕಿಸಿಕೊಂಡು, ಕುಂಕುಮದ ಬೊಟ್ಟಿಟ್ಟುಕೊಂಡು ಪರ್ಮಿಟ್ಟು ನೇತಾಡುತ್ತಿದೆ! "ಈ ಓಣ್ಯಾಗೆ ಯಾರ ಮನ್ಯಾಗೈತೆ ಹೇಳು ಇಂಥಾದ್ದು?" ಎಂದಳು ಅತ್ತೆ. ನಿಜ, ಯಾರ ಮನೆಯಲ್ಲೂ ಇರಲಿಲ್ಲ. ಇಳಿಸಬೇಕಿತ್ತು. ಇಳಿಸಲಿಲ್ಲ. ಮನೆಗೆ ಬಂದ ಗೆಳೆಯರು ಅದನ್ನೋದಿ ಹೊಟ್ಟೆ ಹಿಡಿದು ನಗುತ್ತಿದ್ದರು, ಯಾರಾದರೂ ನಕ್ಕರೆ ನನಗೆ ಬುದ್ಧಿ ನಿಲ್ಲುವುದಿಲ್ಲ.

ಆ ಭಾನುವಾರಗಳ ಸುಖವನ್ನು ಹೇಗೆ ಹೇಳಲಿ! ಗೋಡೆಯ ಗೂಡಿನ ಬಾಗಿಲು ತೆರೆದರೆ ಆರೂ ಬಾಟಲಿ ಸಾಲಾಗಿ. ಬೆಳಗಿನ ಬಿಸಿಲು ಕಿಟಕಿಯಿಂದ ಬಿದ್ದರೆ ಆರು ಬಗೆಯ ಜೇನುತುಪ್ಪ. ಒಂದೊಂದಕ್ಕೂ ಹೆಸರಿಟ್ಟಿದ್ದೆ. ಚೀಟಿಯ ತುಂಬ ಪದಕಗಳಿದ್ದ ಬರ್ಬನ್ನು ನಮ್ಮ ಮ್ಯಾನೇಜರು. ಕುತ್ತಿಗೆ ಉದ್ದವಾದದ್ದು ಮೇಸ್ತ್ರಿ. ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಹೊಡೆಯುವ ರೈ, ಯಾರಿಗೂ ಹೇಳಬೇಡಿ, ನಮ್ಮತ್ತೆ. ಚಮಚ ನಾಲಿಗೆಗೆ ಮುಟ್ಟುವ ಮೊದಲು ಅರ್ಧ ಗಂಟೆ ಮೂಸುವುದು, ಬೆಳಕಿಗೆ ಹಿಡಿಯುವುದು, ಚೀಟಿಯ ಸಣ್ಣ ಅಕ್ಷರ ಓದುವುದು. ಅಂಚೆಚೀಟಿ ಕೂಡಿಡುವವನಿಗೆ ಈ ಕಷ್ಟವಿಲ್ಲ. ಅವನು ದಿನವೂ ನೋಡಿ ಸುಖಪಟ್ಟರೂ ಚೀಟಿ ಸವೆಯುವುದಿಲ್ಲ. ಬರ್ಬನ್ ಕೂಡಿಡುವವನು ಸುಖಪಟ್ಟಷ್ಟೂ ಬಡವನಾಗುತ್ತಾನೆ. ಅದಕ್ಕೇ ನಾನು ಚಮಚಕ್ಕೆ ಒಪ್ಪಿದ್ದು. ಅತ್ತೆ ಎರಡನೆಯದು ಕೊಡುತ್ತೇನೆಂದಿದ್ದರೂ ನಾನೇ ಬೇಡವೆನ್ನುತ್ತಿದ್ದೆ. ಒಂದು ಚಮಚ ಕುಡಿದು ಒಂದು ವಾರ ಮಾತಾಡಬಹುದಾದಾಗ ಎರಡೇಕೆ?

ಈ ನಡುವೆ ಕಡರನಾಯಕನಹಳ್ಳಿಯ ಸುಶೀಲೆಯನ್ನು ನೋಡಿಬಂದೆವು. ಅವಳು ತಟ್ಟೆ ಇಟ್ಟು ಒಳಗೆ ಹೋದ ಮೇಲೆ, ಮಾತು ಸಾಗದೆ ಎಲ್ಲರೂ ಚಾವಣಿ ನೋಡುತ್ತಿದ್ದರು. ನಾನು ತಡೆಯಲಾರದೆ ಟಿಕೆಟ್ ಕೇಳುವವರನ್ನು ಅಣಕಿಸಿದೆ. ಹಿರಿಯರ್ಯಾರೂ ನಗಲಿಲ್ಲ. ಬಾಗಿಲ ಹಿಂದಿನಿಂದ ಒಂದು ನಗು ಕೇಳಿಸಿತು, ಅದನ್ನು ಸೆರಗಿನಲ್ಲಿ ಅಮುಕಿದ್ದೂ ಕೇಳಿಸಿತು. ಅಲ್ಲಿಗೆ ನನ್ನ ಕತೆ ಮುಗಿಯಿತು. ಮದುವೆಯಾದರೆ ಆ ನಗುವನ್ನೇ ಎಂದು ತೀರ್ಮಾನಿಸಿಬಿಟ್ಟೆ. ಮೂರು ದಿನ ಊಟ ಸೇರಲಿಲ್ಲ. ಆ ಭಾನುವಾರ ಚಮಚವನ್ನೇ ಮರೆತೆನೆಂದರೆ ತಿಳಿದುಕೊಳ್ಳಿ.

ದೀಪಾವಳಿ ಕಳೆದ ಮೇಲೆ ನಮ್ಮ ಮನೆ ನೋಡಲು ಅವಳ ತಂದೆ ಹಾಲಪ್ಪನವರೂ ಅವರ ತಾಯಿ ಗಂಗಜ್ಜಿಯೂ ಬಂದರು. ಅತ್ತೆ ಮಂಡಕ್ಕಿ ಹಚ್ಚಿ ಬಿಸಿಬಿಸಿ ಮಿರ್ಚಿ ಕರಿದಿಟ್ಟಳು. ಹಾಲಪ್ಪನವರು ಊರಿನ ಸಹಕಾರ ಸಂಘದ ಕಾರ್ಯದರ್ಶಿ; ಕಾಗದ ಕಂಡರೆ ಓದದೆ ಬಿಡುವವರಲ್ಲ. ತಟ್ಟೆ ಹಿಡಿದೇ ಗೋಡೆಯ ಹತ್ತಿರ ಹೋದರು. ನನ್ನ ಜೀವ ಹಾರಿತು. ಅತ್ತೆ ಮಾತ್ರ ಹಿಗ್ಗಿ, "ಎರಡೂ ಸರ್ಕಾರ ಕೊಟ್ಟಿದ್ರಿ. ಬಲಗಡೀದೂ ಓದ್ರಿ, ಅದೂ ನಮ್ಮ ಹುಡುಗಂದೇ" ಎಂದಳು. ಅವರು ಡಿಪ್ಲೊಮಾ ಓದಿ ತಲೆದೂಗಿದರು. ಬಲಗಡೆಯದಕ್ಕೆ ಬಂದರು. ಅಕ್ಷರದ ಕೆಳಗೆ ಬೆರಳಿಟ್ಟು, ತಾಯಿಗೆ ತಿಳಿಯಲೆಂದು ಕನ್ನಡ ಮಾಡಿಕೊಳ್ಳುತ್ತ, ಗಟ್ಟಿಯಾಗಿಯೇ ಓದಿದರು. "ಈ ಮನುಷ್ಯ... ಕುಡಿತಕ್ಕೆ... ಒಗ್ಗಿ ಹೋಗ್ಯಾನೆ... ಬಿಡಿಸಿದ್ರೆ... ಜೀವ..."

ಬೆರಳು ಅಲ್ಲೇ ನಿಂತಿತು. ಅತ್ತೆಯ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಹಾಲಪ್ಪನವರು ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟರು.

"ಹಂಗಲ್ರಿ, ಸ್ವಲ್ಪ ಕೇಳ್ರಿ" ಎಂದು ನಾನು ಗೂಡಿನ ಬಾಗಿಲು ತೆರೆದೆ. ಎಂಥ ಮಂಕುತನ! ಆರೂ ಬಾಟಲಿ ತೆಗೆದು ಅವರ ಮುಂದೆ ಚಾಪೆಯ ಮೇಲೆ ನಿಲ್ಲಿಸಿದೆ. ವಾಲ್ಟರ್ ಸಾಹೇಬರ ಕತೆ, ಡಾಕ್ಟರ ಮುಂದಿನ ನಡುಕ, ಸುಟ್ಟ ಪೀಪಾಯಿ, ದೇವದೂತರು, ಒಂದನ್ನೂ ಬಿಡಲಿಲ್ಲ. ಹೆದರಿದಾಗ ನನ್ನ ಮಾತು ಓಡುತ್ತದೆ. ಅಂದು ಓಡಿದ ಹಾಗೆ ನಮ್ಮ ರೈಲೂ ಓಡಿರಲಾರದು. ಬಾಯಿ ತೆರೆದು ಮೂಸುವುದನ್ನು ಕೂಡ ಮಾಡಿ ತೋರಿಸಿದೆ. "ಇದು ಗೋವಿನಜೋಳದ್ದು ಮಾವಾರೆ, ಬರೀ ಗೋವಿನಜೋಳ!" ಎಂದೆ. ಮಾವ ಎಂದು ಅವಸರದಲ್ಲಿ ಬಾಯಿಗೆ ಬಂದುಬಿಟ್ಟಿತ್ತು.

"ಗೋವಿನಜೋಳ ನಮ್ಮ ಎತ್ತಿಗೂ ಹಾಕ್ತೀವಿ" ಎಂದರು ಹಾಲಪ್ಪನವರು. "ಅವು ತಿಂದು ಸುಮ್ನಿರ್ತಾವೆ. ಬ್ಯಾಡ ಬಿಡ್ರಿ ನೀಲಮ್ಮಾರೆ. ನಮ್ಮ ಹುಡುಗೀದು ಋಣ ಇಲ್ಲ ಅನ್ಕೋತೀವಿ." ಹೆಗಲ ವಲ್ಲಿ ಸರಿಮಾಡಿಕೊಂಡು ಎದ್ದರು.

ಅತ್ತೆ ಕಂಬ ಹಿಡಿದು ನಿಂತಿದ್ದಳು. ನನ್ನ ಕಿವಿಯಲ್ಲಿ ಆ ಬಾಗಿಲ ಹಿಂದಿನ ನಗು ಕೇಳಿಸಿ, ಅಲ್ಲೇ ಆರಿಹೋಯಿತು. ಅಣಕಿಸಲು ಯಾರೂ ಉಳಿದಿರಲಿಲ್ಲ. ನನ್ನದೇ ದನಿ ನನಗೆ ಸಿಗಲಿಲ್ಲ.

ಗಂಗಜ್ಜಿ ಎದ್ದಿರಲಿಲ್ಲ. ಅಷ್ಟು ಹೊತ್ತೂ ಅವಳು ನನ್ನ ಮಾತು ಕೇಳಿಯೇ ಇರಲಿಲ್ಲವೆಂದು ಕಾಣುತ್ತದೆ. ಬಾಟಲಿಗಳನ್ನು ಒಂದೊಂದಾಗಿ ಎತ್ತಿ, ಬಾಗಿಲ ಬೆಳಕಿಗೆ ಹಿಡಿದು, ಒಳಗಿನ ಮಟ್ಟಕ್ಕೆ ಹೆಬ್ಬೆರಳಿಟ್ಟು ನೋಡಿ ಕೆಳಗಿಡುತ್ತಿದ್ದಳು. ಆರನೆಯದನ್ನೂ ಇಟ್ಟ ಮೇಲೆ ಅತ್ತೆಯ ಕಡೆ ತಿರುಗಿದಳು.

"ಇವು ನಿಮ್ಮನಿಗೆ ಬಂದು ಎಷ್ಟು ದಿನ ಆತವ್ವ?"

"ಯುಗಾದಿಗೆ ಬಂದ್ವು ಅಜ್ಜಿ" ಎಂದಳು ಅತ್ತೆ, ಕಣ್ಣೊರೆಸಿಕೊಂಡು.

"ಏಳವ್ವ, ಬಸ್ಸು ತಪ್ತೈತೆ" ಎಂದರು ಹಾಲಪ್ಪನವರು ಹೊಸ್ತಿಲ ಬಳಿಯಿಂದ. "ಇನ್ನೇನು ನೋಡ್ತೀ? ಕುಡುಕ ಅಂತ ಸರ್ಕಾರನೇ ಮೊಹರು ಒತ್ತಿ ಕೊಟ್ಟೈತೆ!"

ಗಂಗಜ್ಜಿ ಮಗನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, ಮಿರ್ಚಿಯ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಸರ್ಕಾರಕ್ಕೇನ್ ಗೊತ್ತಲೇ? ಯುಗಾದಿಗೆ ಬಂದ ಬಾಟ್ಲಿ ದೀಪಾವಳಿ ದಾಟಿದ್ರೂ ತುಂಬಿ ಕುಂತಾವೆ. ನಿಮ್ಮಪ್ಪ ಇದ್ದಾಗ ನಮ್ಮನ್ಯಾಗೆ ಒಂದಾದ್ರೂ ತುಂಬಿದ್ದು ನೋಡಿದ್ದೇನು ನೀನು? ಬಂದು ಕೂಡು, ಮಿರ್ಚಿ ಆರ್ತಾವೆ."