ಎಕ್ಸಿಲ್ಡಾಳ ಹೆಸರಿನ ಕೆಂಪು ಗುರುತುಗಳು

ಲಾಸ್ಟನ್ ಕಬಾಸೊನ ಬಗ್ಗೆ ಬರೆಯಲು ಕೂತರೆ ನನ್ನ ಬಗ್ಗೆಯೂ ಬರೆಯಬೇಕಾಗುತ್ತದೆ. ಇಷ್ಟು ದಿನ ಬರೆಯದೆ ಮುಂದೂಡಿದ್ದು ಅದಕ್ಕೇ. ತಪ್ಪು ಮಾಡಿದವನು ಅವನು, ಅದನ್ನು ಊರಿಗೆಲ್ಲ ಸಾರಿದವನು ನಾನು. ಇಬ್ಬರಲ್ಲಿ ಯಾರ ಮುಖಕ್ಕೆ ಹೆಚ್ಚು ಮಸಿ ಎಂದು ಕೇಳಿದರೆ ಇವತ್ತಿಗೂ ನನಗೆ ಉತ್ತರ ಗೊತ್ತಿಲ್ಲ.

ನಮ್ಮೂರು ಲುವಾನ್ಶ್ಯಾದ ತಾಮ್ರದ ಗಣಿಯಲ್ಲಿ ಕಬಾಸೊ ಇಪ್ಪತ್ತೆಂಟು ವರ್ಷ ದುಡಿದ. ಕೆಲಸಗಾರರನ್ನು ತುಂಬಿಕೊಂಡು ಪಾತಾಳಕ್ಕೆ ಇಳಿಯುತ್ತಿದ್ದ ಪಂಜರದ ಯಂತ್ರವನ್ನು ನಡೆಸುತ್ತಿದ್ದವನು ಅವನೇ. ಒಂದು ಸಲಕ್ಕೆ ನಲವತ್ತು ಜೀವ ಅವನ ಕೈಯಲ್ಲಿ. ಒಂದು ದಿನವೂ ಪಂಜರ ಕುಲುಕಿದ್ದಿಲ್ಲ. ನಿವೃತ್ತನಾದ ಮೇಲೂ ಪೇಟೆಯಲ್ಲಿ ಜನ ಅವನನ್ನು ಕಂಡರೆ ಸ್ವಲ್ಪ ಬಾಗಿ, ಎರಡು ಕೈ ತಟ್ಟಿ ನಮಸ್ಕರಿಸುತ್ತಿದ್ದರು. ತಪ್ಪು ಮಾಡದ ಮನುಷ್ಯ ಎಂಬ ಹೆಸರು ಅವನಿಗೆ ಅಂಟಿಕೊಂಡುಬಿಟ್ಟಿತ್ತು, ಅದನ್ನು ಅವನೂ ನಂಬಿದ್ದ.

ನಾನು ಶಾಲೆಯಲ್ಲಿ ಗಣಿತ ಹೇಳುತ್ತಿದ್ದ ಕಲುಬಾ. ಈಗ ಗಣಿಯ ಹಳೆಯ ಕ್ಲಬ್ಬಿನ ಚದುರಂಗ ವಿಭಾಗಕ್ಕೆ ಕಾರ್ಯದರ್ಶಿ. ಕಾರ್ಯದರ್ಶಿ ಎಂದರೆ ಬೀಗದ ಕೈ ಇಟ್ಟುಕೊಳ್ಳುವವನು, ಕಸ ಗುಡಿಸುವವನು, ಶನಿವಾರ ಕಪ್ಪು ಹಲಗೆಯ ಮೇಲೆ ಪಟ್ಟಿ ಬರೆಯುವವನು. ಆ ಪಟ್ಟಿಯಿಂದಲೇ ಎಲ್ಲ ಶುರುವಾಯಿತು.

ನಮ್ಮವರಿಗೆಲ್ಲ ಆಗ ಫೋನಿನಲ್ಲಿ ಚದುರಂಗದ ಸಮಸ್ಯೆ ಬಿಡಿಸುವ ಹುಚ್ಚು ಹಿಡಿದಿತ್ತು. ದಿನಕ್ಕೊಂದು ಸಮಸ್ಯೆ, ಇಡೀ ಜಗತ್ತಿಗೆ ಅದೊಂದೇ. ಒಂದೂ ನಡೆ ತಪ್ಪದೆ ಬಿಡಿಸಿದರೆ ಹೆಸರಿನ ಮುಂದೆ ಹಸಿರು ಗುರುತು. ತಪ್ಪಿದರೆ ಕೆಂಪು. ಆಮೇಲೆ ಸರಿಯಾದ ನಡೆಯನ್ನು ಫೋನೇ ತೋರಿಸುತ್ತದೆ, ಆದರೆ ಬಿದ್ದ ಕೆಂಪು ಅಳಿಸುವುದಿಲ್ಲ. ಯಾವ ಊರಲ್ಲಿ ಯಾರು ಮೊದಲು, ಯಾರು ಕೊನೆ ಎಂಬುದನ್ನೂ ಅದೇ ಲೆಕ್ಕ ಹಾಕಿ ಕೊಡುತ್ತದೆ. ಬೆಳಿಗ್ಗೆ ಗಂಜಿ ಕುಡಿಯುತ್ತ ಫೋನಿಗೆ ಮುಖ ಹುದುಗಿಸಿದವರೇ ಎಲ್ಲ ಮನೆಗಳಲ್ಲೂ.

ಕಬಾಸೊನಿಗೆ ನಾಲ್ಕನೆಯ ದಿನವೇ ಕೆಂಪು ಬಿತ್ತು. ಆ ದಿನ ಊಟ ಸೇರಲಿಲ್ಲ ಎಂದು ಎಷ್ಟೋ ಕಾಲದ ಮೇಲೆ ನನಗೆ ಹೇಳಿದ. ಆ ಖಾತೆಯನ್ನು ಮುಚ್ಚಿ ತನ್ನ ಹೆಸರಿನಲ್ಲಿ ಹೊಸದೊಂದು ತೆರೆದ. ಜೊತೆಗೆ ಇನ್ನೊಂದನ್ನೂ ತೆರೆದ, ಮೊದಲು ಕೈ ಪರೀಕ್ಷಿಸಿಕೊಳ್ಳಲು. ಅದಕ್ಕೂ ಒಂದು ಹೆಸರು ಬೇಕಲ್ಲ? ಅವಸರದಲ್ಲಿ ಹೊಳೆದದ್ದು ಹೆಂಡತಿಯ ಹೆಸರು. ಅಂದಿನಿಂದ ಪ್ರತಿ ಬೆಳಿಗ್ಗೆ ಮೊದಲು ಎಕ್ಸಿಲ್ಡಾಳ ಹೆಸರಿನಲ್ಲಿ ಆಡುವುದು, ತಪ್ಪಿದರೆ ಉತ್ತರ ನೋಡಿಕೊಳ್ಳುವುದು, ಆಮೇಲೆ ತನ್ನ ಹೆಸರಿನಲ್ಲಿ ಠೀವಿಯಿಂದ ಬಿಡಿಸುವುದು. ಹಾಲು ಸುಡುತ್ತದೋ ಎಂದು ಬೇರೆಯವರ ನಾಲಿಗೆಯಲ್ಲಿ ನೋಡಿದ ಹಾಗೆ. ಎಕ್ಸಿಲ್ಡಾಳಿಗೆ ಕುದುರೆ ಯಾವುದು, ಆನೆ ಯಾವುದು ಎಂಬುದೂ ಗೊತ್ತಿರಲಿಲ್ಲ.

ಶನಿವಾರ ನಾನು ಹಲಗೆಯ ಮೇಲೆ ಊರಿನ ಪಟ್ಟಿ ಬರೆಯುತ್ತಿದ್ದೆ. ಮೇಲ್ಗಡೆ ಲಾಸ್ಟನ್ ಕಬಾಸೊ, ಒಂದೂ ಕೆಂಪಿಲ್ಲ. ಎಲ್ಲರಿಗಿಂತ ಕೆಳಗೆ ಎಕ್ಸಿಲ್ಡಾ ಕಬಾಸೊ, ಹತ್ತಕ್ಕೆ ಏಳು ಕೆಂಪು. ಒಂದೇ ಮನೆಯಲ್ಲಿ ಆಕಾಶವೂ ಪಾತಾಳವೂ ಎಂದು ಜನ ನಕ್ಕರು. ನಮ್ಮಲ್ಲಿ ಹೆಂಗಸನ್ನು ಮಗುವಿನ ತಾಯಿ ಎಂದೇ ಕರೆಯುವುದು. ಆಕೆ ಬಾನಾ ಚಿಸೆಂಗಾ, ಚಿಸೆಂಗಾನ ತಾಯಿ; ಅವನು ಬಾಶಿ ಚಿಸೆಂಗಾ, ತಂದೆ. ಒಂದು ಶನಿವಾರ ನನಗೆ ಜಾಣತನ ಉಕ್ಕಿ ಬಂತು. ಆಕೆಯ ಹೆಸರಿನ ಪಕ್ಕದಲ್ಲಿ ‘ಬಾನಾ ಕೆಂಪು’ ಎಂದು ಬರೆದೆ. ಕ್ಲಬ್ಬು ಬಿದ್ದು ಬಿದ್ದು ನಕ್ಕಿತು. ಮಕ್ಕಳಿಗೆ ಮೂವತ್ತು ವರ್ಷ ಪಾಠ ಹೇಳಿದ ಮನುಷ್ಯ ನಾನು, ಅದನ್ನೂ ಹೇಳಿಬಿಡುತ್ತೇನೆ.

ಆ ಹೆಸರನ್ನು ಮಾರುಕಟ್ಟೆಗೆ ಹೊತ್ತು ತಂದವನು ಜೆರೆ. ಎಕ್ಸಿಲ್ಡಾ ಒಣಮೀನು, ಕಡಲೆಕಾಯಿ ಮಾರುವ ಕಟ್ಟೆಯ ಪಕ್ಕದಲ್ಲೇ ಅವನ ಚಪ್ಪಲಿ ಹೊಲಿಯುವ ಜಾಗ. ಅವನು ನ್ಗೋನಿಯವನು, ನಾವು ಬೆಂಬಾದವರು. ನಮ್ಮೆರಡು ಕುಲದವರು ಒಬ್ಬರನ್ನೊಬ್ಬರು ಎಷ್ಟು ಬೇಕಾದರೂ ಗೇಲಿ ಮಾಡಬಹುದು. ಸಾವಿನ ಮನೆಯಲ್ಲೂ ಮಾಡಬಹುದು, ಕೋಪಿಸಿಕೊಂಡವರದೇ ತಪ್ಪು.

"ಏನ್ ಬಾನಾ ಕೆಂಪು, ಇವತ್ತು ರಾಣೀನ ಎಲ್ ಕಳ್ಕೊಂಡೆ?" ಎಂದು ಜೆರೆ ಬೆಳಿಗ್ಗೆಯೇ ಶುರು ಮಾಡುವನು. "ಮೀನಿನ ಚೀಲದಲ್ಲಿ ನೋಡಿದ್ಯಾ?"

"ರಾಣೀನ ಇಲಿ ತಿಂತು, ಆ ಇಲೀನ ನೀನು ತಿಂದೆ," ಎಂದು, ಅವರು ಇಲಿ ತಿನ್ನುವವರೆಂಬ ನಮ್ಮ ಹಳೆಯ ಗೇಲಿಯನ್ನು ಆಕೆಯೂ ಬಿಡುತ್ತಿರಲಿಲ್ಲ. ಅದೇನು ರಾಣಿಯೋ, ಅದೆಂಥ ಕೆಂಪೋ ಆಕೆಗೆ ಗೊತ್ತಿರಲಿಲ್ಲ. ನ್ಗೋನಿಯವನ ಬಾಯಿ, ಏನೋ ಬೊಗಳುತ್ತದೆ ಎಂದುಕೊಂಡಿದ್ದಳು. ತಿಂಗಳುಗಳು ಹೀಗೆ ಹೋದವು, ಹೆಸರು ಮಾತ್ರ ಕಟ್ಟೆಯಿಂದ ಕಟ್ಟೆಗೆ ನಡೆಯಿತು.

ಆದರೆ ಎಕ್ಸಿಲ್ಡಾ ಬರೀ ಮೀನು ಮಾರುವವಳಲ್ಲ. ಆಕೆ ನಾಚಿಂಬೂಸಾ. ಮದುವೆಗೆ ಮುಂಚೆ ಹುಡುಗಿಯನ್ನು ಒಳಮನೆಯಲ್ಲಿ ಕೂರಿಸಿಕೊಂಡು ಗಂಡ, ಅತ್ತೆ, ಬಸಿರು, ಜಗಳ ಎಲ್ಲದರ ಪಾಠ ಹೇಳುವ ಹಿರಿಯಳು. ಇಪ್ಪತ್ತು ವರ್ಷದಲ್ಲಿ ಲುವಾನ್ಶ್ಯಾದ ಅರ್ಧ ಮದುವಣಗಿತ್ತಿಯರು ಆಕೆಯ ಶಿಷ್ಯೆಯರು. ಆ ವರ್ಷ ಒಂದು ಮನೆಯವರು ಆಕೆಯನ್ನು ಒಪ್ಪಿಸಿ, ಒಪ್ಪಂದದ ಗುರುತಾಗಿ ಮಣಿಸರವನ್ನೂ ಕೊಟ್ಟು ಹೋಗಿದ್ದವರು, ಹದಿನೈದು ದಿನದಲ್ಲಿ ಬಂದು ಬೇಡವೆಂದರು. ಹುಡುಗಿಯ ಚಿಕ್ಕಮ್ಮ ಮೀನಿನ ಕಟ್ಟೆಯ ಮುಂದೆಯೇ ಹೇಳಿದಳಂತೆ, "ತಪ್ಪು ತಿಳ್ಕೋಬೇಡಿ ಬಾನಾ ಚಿಸೆಂಗಾ. ಇನ್ನೂರು ಸಲ ಎಡವಿದ್ರೂ ಬುದ್ಧಿ ಬರದೋರು ನಮ್ಮ ಹುಡ್ಗಿಗೆ ಏನ್ ಹೇಳ್ಕೊಡ್ತೀರಿ ಅಂತ ನಮ್ಮೆಜಮಾನ್ರು ಕೇಳಿದ್ರು. ಕ್ಲಬ್ಬಲ್ಲಿ ಬರ್ದಿದಾರಂತಲ್ಲ?"

ಎಕ್ಸಿಲ್ಡಾ ಮೀನಿನ ಮೇಲೆ ಗೋಣಿ ಹೊದಿಸಿ ಸೀದಾ ಕ್ಲಬ್ಬಿಗೆ ಬಂದಳು. ಬಾಗಿಲಲ್ಲಿ ನಿಂತು ಹಲಗೆಯನ್ನು ಓದಿದಳು. ನನ್ನನ್ನು ಏನೂ ಕೇಳಲಿಲ್ಲ. ನಾನೇ ಹಲ್ಲುಕಿರಿದು, "ಪ್ರಯತ್ನ ಬಿಡ್ಬೇಡಿ, ಬಾನಾ ಚಿಸೆಂಗಾ," ಎಂದೆ. ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಮನೆಯಲ್ಲಿ ಅವಳು ಕೇಳಿದ್ದು ಒಂದೇ ಪ್ರಶ್ನೆ. ಕಬಾಸೊ ಸುಳ್ಳು ಹೇಳಲಿಲ್ಲ, ಅಷ್ಟು ಮಟ್ಟಿಗೆ ಅವನನ್ನು ಮೆಚ್ಚಬೇಕು. ನೆಲ ನೋಡಿಕೊಂಡು ಎಲ್ಲ ಒಪ್ಪಿಕೊಂಡ.

"ನನ್ನ ಹತ್ರ ಹೇಳಿ ಏನುಪಯೋಗ, ಬಾಶಿ ಚಿಸೆಂಗಾ?" ಎಂದಳಂತೆ. "ನನ್ನ ಹೆಸ್ರು ಬರ್ದಿರೋ ಕಡೆ ಹೋಗಿ ಹೇಳಿ."

ಹೇಳುವುದಕ್ಕೆ ಸಂದರ್ಭವೂ ಹತ್ತಿರದಲ್ಲೇ ಇತ್ತು. ಮುಂದಿನ ಶನಿವಾರ ಕಬಾಸೊನ ಮುನ್ನೂರನೆಯ ಹಸಿರು ಗುರುತಿಗೆ ಕ್ಲಬ್ಬಿನಲ್ಲಿ ಸನ್ಮಾನ. ಕುರ್ಚಿ ತುಂಬಿ ಜನ ಕಿಟಕಿಯಲ್ಲೂ ನಿಂತಿದ್ದರು. ಎಕ್ಸಿಲ್ಡಾ ತಲೆಗೆ ಒಳ್ಳೆಯ ವಸ್ತ್ರ ಸುತ್ತಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದಳು. ನಾನು ಕಬಾಸೊನನ್ನು ಹೊಗಳಿ ಹೊಗಳಿ ಮೈಕು ಅವನ ಕೈಗೆ ಕೊಟ್ಟೆ.

ಅವನು ಗಂಟಲು ಸರಿಮಾಡಿಕೊಂಡ. "ಆ ಕೆಂಪೆಲ್ಲ ನಂದು," ಎಂದ. "ನನ್ನ ಹೆಂಡ್ತಿ ಒಂದು ದಿನಾನೂ ಆಡಿಲ್ಲ. ಅವಳ ಹೆಸ್ರಲ್ಲಿ ತಪ್ಪಿದೋನು ನಾನೇ."

ಹಿಂದಿನಿಂದ ಜೆರೆ ಎದ್ದು ಕೂಗಿದ, "ನೋಡ್ರಪ್ಪಾ ಈ ಬೆಂಬಾನ! ಗೆದ್ದಿದ್ದು ಸಾಲ್ದು ಅಂತ ಹೆಂಡ್ತಿ ಸೋಲನ್ನೂ ಕದೀತಾನೆ!" ಇಡೀ ಕೋಣೆ ಹೋ ಎಂದು ನಕ್ಕಿತು. ಹೆಂಗಸರು ಬಾಯಿಗೆ ಕೈಯಿಟ್ಟು ಸಂಭ್ರಮಕ್ಕೆ ಲೂಲೂ ಎಂದು ಉಲಿದರು. ಹೆಂಡತಿಯ ಮಾನ ಉಳಿಸಲು ಇಷ್ಟು ದೊಡ್ಡ ಮನುಷ್ಯ ತನ್ನ ಮೇಲೆ ತಪ್ಪು ಹೊತ್ತುಕೊಳ್ಳುತ್ತಿದ್ದಾನೆ, ಎಂಥ ಪ್ರೀತಿ! ನಾನು ಮೈಕು ಕಿತ್ತುಕೊಂಡು, "ಇಂಥ ಗಂಡ ಎಲ್ಲಾರ್ಗೂ ಸಿಗ್ಲಿ," ಎಂದೆ. ಚಪ್ಪಾಳೆ ನಿಲ್ಲಲೇ ಇಲ್ಲ. ಕಬಾಸೊ ಎರಡು ಸಲ ಬಾಯಿ ತೆರೆದ, ಆಮೇಲೆ ಮುಚ್ಚಿದ. ಎಕ್ಸಿಲ್ಡಾ ಮಾತ್ರ ಕೈ ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು.

ನಮ್ಮದೆಲ್ಲ ಒಂದೇ ಸಾಲಿನ ಮನೆಗಳು. ಮೂವರೂ ಜೊತೆಗೇ ನಡೆದೆವು. ನಾನು ಇನ್ನೂ ಸನ್ಮಾನದ ಗುಂಗಿನಲ್ಲೇ ಏನೋ ವಟಗುಟ್ಟುತ್ತಿದ್ದೆ.

"ನಾನು ಹೇಳ್ದೆ," ಎಂದ ಕಬಾಸೊ ಹೆಂಡತಿಗೆ. "ಅವ್ರು ನಂಬ್ಲಿಲ್ಲ. ನಾನೇನ್ ಮಾಡ್ಲಿ?"

"ಹೇಳಿದ್ರಿ, ಇಲ್ಲ ಅನ್ನಲ್ಲ," ಎಂದಳು ಆಕೆ. "ಅವ್ರು ನಂಬ್ದೇ ಇದ್ದಾಗ ನಿಮ್ಮ ಮುಖಕ್ಕೆ ಜೀವ ಬಂತಲ್ಲ, ಅದನ್ನೂ ನೋಡ್ದೆ."

ನಾನು ವಟಗುಟ್ಟುವುದನ್ನು ನಿಲ್ಲಿಸಿದೆ. ಕಬಾಸೊ ಹೇಳಿದ್ದು ನಿಜ ಎಂದು ನನ್ನ ದಪ್ಪ ತಲೆಗೆ ಹೊಳೆದದ್ದು ಆಗ. ನನ್ನ ಮನೆಯ ತಿರುವು ಬಂದದ್ದೇ ಸಾಕೆಂದು ಕಳ್ಳನ ಹಾಗೆ ಒಳಗೆ ಸೇರಿಕೊಂಡೆ.

ಮರು ಶನಿವಾರ ಮಧ್ಯಾಹ್ನ ಕ್ಲಬ್ಬು ತುಂಬುವುದನ್ನೇ ಕಾದಿದ್ದು ಕಬಾಸೊ ಬಂದ. ಫೋನನ್ನು ನನ್ನ ಕೈಗಿಟ್ಟ. "ಇವತ್ತಿನ ಸಮಸ್ಯೆ ನಾನಿನ್ನೂ ನೋಡಿಲ್ಲ. ದೊಡ್ಡ ಮಣೆ ಮೇಲೆ ಜೋಡ್ಸು," ಎಂದ. ಮೂರು ನಡೆಯಲ್ಲಿ ಚೆಕ್‌ಮೇಟ್ ಮಾಡುವ ಸಮಸ್ಯೆ. ಜೋಡಿಸಿದೆ. ಅವನು ಕೂತ. ಜನ ಸುತ್ತ ನೆರೆದರು, ಮುನ್ನೂರು ಹಸಿರಿನ ಮನುಷ್ಯ ಹೇಗೆ ಬಿಡಿಸುತ್ತಾನೆ ನೋಡೋಣ ಎಂದು.

ಹತ್ತು ನಿಮಿಷಕ್ಕೆ ರಾಣಿಯನ್ನು ನಡೆಸಿದ. ತಪ್ಪು. ನಾನು ಕಾಯನ್ನು ಹಿಂದಕ್ಕಿಟ್ಟೆ. ಮತ್ತೆ ಆನೆಯನ್ನು ನಡೆಸಿದ. ಅದೂ ತಪ್ಪು. ಅವನ ಹಣೆಯ ಬೆವರು ಮಣೆಯ ಮೇಲೆ ತೊಟ್ಟಿಕ್ಕಿತು. ಯಾರೋ ಕೆಮ್ಮಿದರು. ಇಬ್ಬರು ಮೆಲ್ಲಗೆ ಎದ್ದು ಹೊರಗೆ ಹೋದರು, ನೋಡಲಾರದೆ. ಜೆರೆ ಬಾಗಿ ಅವನ ಕಿವಿಯಲ್ಲಿ, "ಕುದುರೆ ಮಾರಾಯ, ಕುದುರೆ," ಎಂದ. ಅವನ ದನಿಯಲ್ಲಿ ಗೇಲಿ ಇರಲಿಲ್ಲ.

"ಸುಮ್ನಿರು ಜೆರೆ," ಎಂದ ಕಬಾಸೊ. "ನಂಗೆ ಗೊತ್ತಾಗ್ತಿಲ್ಲ. ಗೊತ್ತಾಗ್ದೇ ಇರೋದನ್ನ ಎಲ್ಲಾರೂ ನೋಡ್ಲಿ."

ಕುದುರೆಯನ್ನು ಮುಟ್ಟಲೇ ಇಲ್ಲ. ನಲವತ್ತು ನಿಮಿಷವಾದ ಮೇಲೆ ಎದ್ದು ನಿಂತ. ಕೋಣೆಯಲ್ಲಿ ಒಬ್ಬರೂ ಅವನ ಮುಖ ನೋಡುತ್ತಿರಲಿಲ್ಲ. ನಾನು ಹಲಗೆಯಿಂದ ಎಕ್ಸಿಲ್ಡಾಳ ಹೆಸರನ್ನೂ ಅದರ ಪಕ್ಕದ ನನ್ನ ಜಾಣತನವನ್ನೂ ಒರೆಸಿದೆ. ಎಲ್ಲರಿಗಿಂತ ಕೆಳಗೆ ಅವನ ಹೆಸರು ಬರೆದೆ. ಅಕ್ಷರ ಸೊಟ್ಟಗಾಯಿತು.

ಅವನ ಹಿಂದೆಯೇ ನಾನೂ ಮಾರುಕಟ್ಟೆಗೆ ಹೋದೆ. ಎಕ್ಸಿಲ್ಡಾ ಯಾರಿಗೋ ಬಟ್ಟಲಿನಲ್ಲಿ ಮೀನು ಅಳೆದು ಹಾಕುತ್ತಿದ್ದಳು. ನಾನು ಕ್ಷಮೆ ಕೇಳಲು ಶುರು ಮಾಡಿದೆ. ಆಕೆ ನನ್ನ ಕಡೆ ತಿರುಗಲೂ ಇಲ್ಲ, ಗಿರಾಕಿಗೆ ಮೇಲೊಂದು ಹಿಡಿ ಹಾಕಿ ಕಳಿಸಿದಳು.

"ಎಲ್ಲಾರ ಮುಂದೆ ಕೂತೆ," ಎಂದ ಕಬಾಸೊ. "ಬಿಡ್ಸೋಕೆ ಆಗ್ಲಿಲ್ಲ. ಈಗ ಎಲ್ಲಾರ್ಗೂ ಗೊತ್ತಾಯ್ತು."

"ಎಷ್ಟೊತ್ತು ಕೂತಿದ್ರಿ?"

"ನಲವತ್ತು ನಿಮಿಷ."

ಆಕೆ ಬಟ್ಟಲನ್ನು ಕೆಳಗಿಟ್ಟು ಮೊದಲ ಸಲ ಅವನ ಮುಖ ನೋಡಿದಳು. "ನಾನು ಹತ್ತು ತಿಂಗ್ಳು ಇಲ್ಲೇ ನಿಂತಿದ್ದೆ, ಬಾಶಿ ಚಿಸೆಂಗಾ. ಹೋಗಿ, ಇನ್ನೂ ಸ್ವಲ್ಪ ಹೊತ್ತು ಕೂತ್ಕೊಳ್ಳಿ."

ಅವನು ಬಂದ ದಾರಿಯಲ್ಲೇ ಕ್ಲಬ್ಬಿಗೆ ವಾಪಸ್ಸು ಹೊರಟ. ನಾನೂ ಹೋದೆ.