ಮೂರನೇ ಡಬ್ಬಿಯ ಬಿಳಿ ನೊಣ

ಎಂಬತ್ತಾರರ ದೀಪಾವಳಿ ಕಳೆದ ಮೇಲೆ ಮಿಶ್ರಿಕೋಟಿಯ ಈರಬಸಪ್ಪನಿಗೆ ಕುಂತಲ್ಲಿ ಕೂಡಲಿಕ್ಕಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಿಕ್ಕಾಗುತ್ತಿರಲಿಲ್ಲ. ಅಂಗಾಲಿಗೆ ಇರುವೆ ಹತ್ತಿದವರ ಹಾಗೆ ಹತ್ತಿಯ ಹೊಲಕ್ಕೆ ಹೋಗುವನು, ಬರುವನು, ಬಂದವನು ಮತ್ತೆ ಹೋಗುವನು. ಕಾರಣ ಒಂದು ಕಾಗದ.

ಈರಬಸಪ್ಪ ನಾಲ್ಕನೇ ಇಯತ್ತೆಗೆ ಪಾಟಿ ಕೆಳಗಿಟ್ಟವನು. ಕಣ್ಣು ಮಾತ್ರ ಕೆಳಗಿಟ್ಟಿರಲಿಲ್ಲ. ಹತ್ತಿಕಾಯಿ ಕೊರೆಯುವ ಹುಳಗಳನ್ನು ಊರವರೆಲ್ಲ ಆರಿಸಿ ಸೀಮೆಎಣ್ಣೆಗೆ ಹಾಕುತ್ತಿದ್ದಾಗ, ಕೆಲವು ಹುಳಗಳ ಕುತ್ತಿಗೆಯ ಮೇಲೆ ಖಸಖಸಿಯಂಥ ಬಿಳಿ ತತ್ತಿ ಅಂಟಿದ್ದನ್ನು ಕಂಡವನು ಅವನೊಬ್ಬನೇ. ಅಂಥವನ್ನು ಮನೆಗೆ ತಂದು, ಕಂದೀಲಿನ ಗಾಜಿನೊಳಗೆ ಬಿಟ್ಟು, ಬಾಯಿಗೆ ಹಳೆ ಧೋತರದ ಚೂರು ಕಟ್ಟಿದ. ತತ್ತಿಯೊಡೆದು ಬಂದ ಮರಿ, ಹುಳದ ಹೊಟ್ಟೆ ಹೊಕ್ಕು, ಒಳಗಿನದನ್ನೆಲ್ಲ ತಿಂದು, ಹೊರಬಿದ್ದು ಕೆಂಪು ಕಾಳಿನ ಹಾಗೆ ಗಟ್ಟಿಯಾಯಿತು. ಎಂಟೊಂಬತ್ತು ದಿವಸಕ್ಕೆ ಆ ಕಾಳು ಒಡೆಯಿತು. ಪತಂಗ ಬರಬೇಕಾದಲ್ಲಿ ನೊಣ ಬಂತು! ಅವತ್ತಿನಿಂದ ಅವನಿಗೆ ಒಂದೇ ಹುಚ್ಚು: ವೈರಿಯ ಹೊಟ್ಟೆಯಲ್ಲೇ ಉಂಡು ವೈರಿಯನ್ನೇ ಮುಗಿಸುವ ಈ ನೊಣಗಳಲ್ಲಿ ಎಷ್ಟು ಜಾತಿ, ಯಾವುದರ ಹೆಸರೇನು?

ಗ್ರಾಮಸೇವಕ ಹಜರತಅಲಿ ಬೆಂಗಳೂರಿನ ಪ್ರೊಫೆಸರರೊಬ್ಬರ ವಿಳಾಸ ಕೊಟ್ಟ. ನೊಣ ಗುರುತಿಸುವುದರಲ್ಲೇ ತಲೆ ಬೆಳ್ಳಗಾದವರಂತೆ. ಈರಬಸಪ್ಪ ಹತ್ತು ಕಡ್ಡಿಪೆಟ್ಟಿಗೆಗಳಲ್ಲಿ ಹತ್ತಿ ಹಾಸಿ, ಒಂದೊಂದರಲ್ಲಿ ಒಂದೊಂದು ಸತ್ತ ನೊಣ ಮಲಗಿಸಿ, ಮೇಲೆ ನಂಬರು ಬರೆದು ಕಳಿಸಿದ. ಅದಕ್ಕೆ ಬಂದ ಉತ್ತರವೇ ಈ ಕಾಗದ.

"ಒಂಬತ್ತು ನೊಣ ನಮಗೆ ಗೊತ್ತಿದ್ದವೇ. ಮೂರನೇ ಡಬ್ಬಿಯದರ ಬೆನ್ನು ಮಾತ್ರ ಸುಣ್ಣ ಬಳಿದಂತೆ ಬೆಳ್ಳಗಿದೆ. ಇಂಥದನ್ನು ನಾನು ಕಂಡಿಲ್ಲ. ಒಂದೇ ಇರುವುದರಿಂದ ಮುಟ್ಟಲಿಕ್ಕೂ ಧೈರ್ಯವಿಲ್ಲ. ತಿಂಗಳ ಕೊನೆಯೊಳಗೆ ಇಂಥವೇ ಮೂರು ಕಳಿಸಿರಿ. ಹೊಸ ಜಾತಿಯಾದರೆ ನಿಮ್ಮ ಊರಿನ ಹೆಸರನ್ನೇ ಇಡೋಣ."

ಹಜರತಅಲಿ ಆ ಕಾಗದವನ್ನು ಬಸ್ ಸ್ಟ್ಯಾಂಡಿನಲ್ಲಿ ದೊಡ್ಡದಾಗಿ ಓದಿದ. ಸಾಲಿಯ ಮಾಸ್ತರರು ಹಲಗೆಯ ಮೇಲೆ ಬರೆದರು. ಕೂಸು ಹುಟ್ಟುವ ಮೊದಲೇ ಊರು ಕುಲಾವಿ ಹೊಲಿಸಿತು. ಚಹಾದಂಗಡಿಯ ಭರಮಪ್ಪನಂತೂ ದಿನಾ ಕಾಡುತ್ತಿದ್ದ.

"ಕಾಕಾ, ನಮ್ಮ ಚಾದಾಗ ಒಂದು ನೊಣ ಬಿದ್ದೈತ್ರಿ. ಬಿಳೇದೋ ಕರೇದೋ ನೋಡ್ರಿ, ಹೆಸರಿಡೂಣು."

"ನಿನ್ನ ಚಾ ಕುಡದು ಸತ್ತ ನೊಣಕ್ಕ ಹೆಸರ್ಯಾಕಲೇ? ಪಂಚನಾಮಿ ಮಾಡಸು."

ಬಾಯಿ ಜೋರಿತ್ತು, ಮನಸ್ಸೆಲ್ಲ ಕಂದೀಲಿನ ಗಾಜಿನ ಕಡೆಗಿತ್ತು. ಹನ್ನೆರಡು ಹುಳ ತಂದು ಸಾಕಿದ. ಉಣ್ಣುತ್ತಿದ್ದವನು ಎಡಗೈಯಿಂದ ಗಾಜು ಎತ್ತಿ ನೋಡುವನು. ಜಳಕಕ್ಕೆ ನಿಂತವನು ಒದ್ದೆ ಮೈಯಲ್ಲೇ ಓಡಿ ಬರುವನು. ಕಡೆಗೆ ಕಾಳುಗಳು ಒಡೆದವು. ಭೂತಗನ್ನಡಿ ಹಿಡಿದು ನೋಡಿದರೆ ಎಲ್ಲವೂ ಬೂದುಬಣ್ಣದ ಪಟ್ಟಿಯ ಹಳೇ ನೊಣಗಳೇ. ಬಿಳಿಯದು ಒಂದೂ ಇಲ್ಲ. ಆದರೂ ಕೊಂದು ಕಡ್ಡಿಪೆಟ್ಟಿಗೆಗಳಲ್ಲಿಟ್ಟ. ತಿಂಗಳು ಮುಗಿಯಲಿಕ್ಕೆ ಆರೇ ದಿವಸ ಉಳಿದಿತ್ತು.

ಅವತ್ತು ಸೋಮವಾರ. ಬದುವಿನ ಗಿಡಗಳನ್ನೂ ತಡಕಾಡಿ ಬರಿಗೈಯಲ್ಲಿ ಮನೆಗೆ ಬಂದಾಗ ಹೆಂಡತಿ ರೇವವ್ವ ಗಾಜು, ಪೆಟ್ಟಿಗೆ ಇಟ್ಟಿದ್ದ ಗೋಡೆಯ ಗೂಡಿನ ಮುಂದೆ ನಿಂತಿದ್ದಳು. ಎಡಗೈಯಲ್ಲಿ ಕಡ್ಡಿಪೆಟ್ಟಿಗೆ, ಬಲಗೈಯಲ್ಲಿ ವಿಭೂತಿ ಗಟ್ಟಿ. ಬೆರಳಿಗೆ ತಿಕ್ಕಿಕೊಂಡು ಪೆಟ್ಟಿಗೆಯೊಳಗೆ ಮೆಲ್ಲಗೆ ಉದುರಿಸುತ್ತಿದ್ದಳು.

"ಏನು ಮಾಡಾಕತ್ತೀ?"

"ಕಾಣೂದಿಲ್ಲೇನ್ರಿ? ವಿಭೂತಿ ಹಚ್ಚಾಕತ್ತೀನಿ."

"ನೊಣಕ್ಕ?"

"ನಮ್ಮ ಮನ್ಯಾಗ ಸತ್ತೈತ್ರಿ. ಹಂಗ ಬರೇ ಮೈಲೆ ಕಳಸ್ತಾರೇನು? ಸ್ಪಿರಿಟ್ಟಿನ ಬಾಟ್ಲಿಯೊಳಗ ಹಾಕಿ ಕೊಲ್ಲಾವರು ನೀವು. ಆ ಪಾಪ ಯಾರಿಗೆ ಹತ್ತಬೇಕು?"

ಈರಬಸಪ್ಪ ಅವಳ ಕೈಯಿಂದ ಪೆಟ್ಟಿಗೆ ಕಸಿದುಕೊಂಡ. "ಹೋದ ಸಲಾನೂ ಹಚ್ಚಿದ್ದೇನು?"

"ಒಂದಕ್ಕ ಅಷ್ಟ. ಬಾಕಿದವು ಯಾವಾಗ ಸತ್ತೂವೋ ನಾ ಕಾಣ್ಲಿಲ್ಲ. ಅದೊಂದು ನನ್ನ ಕಣ್ಣ ಮುಂದ ಒದ್ದಾಡಿ ಜೀವ ಬಿಟ್ಟಿತು. ಡಬ್ಬಿ ಮ್ಯಾಲ ಮೂರು ಅಂತ ಬರದಿದ್ರಿ."

ಅವನು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಂತ, ಎದ್ದ, ಮತ್ತೆ ಕುಂತ. ಸಾಲಿಯ ಹಲಗೆ ಕಣ್ಣ ಮುಂದೆ ಬಂತು. ಭರಮಪ್ಪನ ನಗೆ ಬಂತು. ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತದೆ? ಬೇರೆ ಸಿಗಲಿಲ್ಲ ಎಂದು ಬರೆದರೆ ಮೂರನೇ ಡಬ್ಬಿಯ ನೊಣ ಕಡೆತನಕ ಅಪರೂಪದ್ದಾಗಿಯೇ ಉಳಿಯುತ್ತದೆ. ಅದಕ್ಕಿಂತ ಕೆಟ್ಟ ವಿಚಾರವೂ ಹೊಕ್ಕಿತು. ರೇವವ್ವ ನೀರಿಗೆ ಹೋದದ್ದೇ ತಡ, ಒಳಗೆ ಹೋಗಿ ಮೂರು ನೊಣ ಸಾಲಾಗಿ ಇಟ್ಟ. ವಿಭೂತಿ ಗಟ್ಟಿಗೆ ಬೆರಳು ತಿಕ್ಕಿದ. ಮೊದಲನೇ ನೊಣದ ಮೇಲೆ ಕೈ ಹಿಡಿದ.

ಬೆರಳು ಉದುರಿಸಲೊಲ್ಲದು. ಐವತ್ತು ವರ್ಷ ದಿನಾ ಮುಂಜಾನೆ ಹಣೆಗೆ ಮೂರೆಳೆ ಎಳೆದ ಬೆರಳು ಅದು. ಅವಳು ಸತ್ತ ನೊಣಕ್ಕೂ ಸದ್ಗತಿ ಬೇಡಿ ಹಚ್ಚಿದ್ದಳು. ತಾನು ಅದನ್ನೇ ಹಿಡಿದು ಸುಳ್ಳು ಬಳಿಯಲಿಕ್ಕೆ ಹೊರಟಿದ್ದ. ಬೆರಳಿನ ವಿಭೂತಿಯನ್ನು ಹಣೆಗೇ ಒರೆಸಿಕೊಂಡು ಕಾಗದ ಬರೆಯಲು ಕುಂತ.

"ಸಾಹೇಬರಿಗೆ ಶರಣು. ಮೂರನೇ ಡಬ್ಬಿಯ ಬಿಳುಪು ನೊಣದ್ದಲ್ಲ, ನನ್ನ ಮನೆಯವಳದು. ಸತ್ತ ಜೀವ ಎಂದು ವಿಭೂತಿ ಹಚ್ಚಿದ್ದಾಳೆ. ತಾಳೆ ನೋಡಲಿಕ್ಕೆ ಚಿಟಿಕೆ ವಿಭೂತಿ ಇಟ್ಟಿದ್ದೇನೆ."

ಪಾಕೀಟನ್ನು ಟಪಾಲಿಗೆ ಹಾಕಲು ಹುಬ್ಬಳ್ಳಿ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟ. ಬಸ್ಸು ಹೊರಟಾಗ ಕಿತ್ತುಕೊಳ್ಳಲು ನಾಲ್ಕು ಹೆಜ್ಜೆ ಓಡಿದ್ದೂ ನಿಜ. ಆಮೇಲೆ ನೆಟ್ಟಗೆ ಚಹಾದಂಗಡಿಗೆ ಹೋಗಿ, ಬೇರೆಯವರು ಹೇಳುವುದಕ್ಕಿಂತ ಮೊದಲು ತಾನೇ ಹೇಳಿದ. ಭರಮಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಹಂಗಾದ್ರ ಆ ನೊಣಕ್ಕ ಲಿಂಗದೀಕ್ಷಾ ಆತಲ್ರಿ ಕಾಕಾ!" ಈರಬಸಪ್ಪನೂ ನಕ್ಕ. ಆದರೆ ಹನ್ನೆರಡು ದಿವಸ ಟಪಾಲಿನವನನ್ನು ಕಂಡರೆ ಓಣಿ ಬದಲಿಸುತ್ತಿದ್ದ.

ಹದಿಮೂರನೇ ದಿವಸ ಒಂದು ಕಾರ್ಡು ಬಂತು. "ಕುಂಚದಿಂದ ಝಾಡಿಸಿದೆ. ಒಳಗಿದ್ದದ್ದು ಹಳೇ ನೊಣವೇ. ಮುಂದಿನ ಡಬ್ಬಿಗಳು ಯಾವಾಗ?"

ಕಟ್ಟಕಡೆಯ ಸಾಲನ್ನು ಅವನು ನಾಲ್ಕು ಸಲ ಓದಿದ. ಒಳಗೆ ಹೊಸ ಹುಳ ಸಾಕಿದ್ದ ಗಾಜಿನಲ್ಲಿ ಏನೋ ಗುಂಯ್ ಎಂದಿತು. ರೇವವ್ವ ಗೂಡಿನ ಹತ್ತಿರದಿಂದ ಕೇಳಿದಳು:

"ಇವಕ್ಕ ಹಚ್ಚಲೋ ಬ್ಯಾಡೋ, ಈಗ ಹೇಳಿಬಿಡ್ರಿ."

"ಹಚ್ಚು," ಎಂದ ಈರಬಸಪ್ಪ, ಆಗಲೇ ಭೂತಗನ್ನಡಿ ಹುಡುಕುತ್ತ. "ಡಬ್ಬಿ ಮುಚ್ಚಳಕ್ಕ ಹಚ್ಚು. ನೊಣಕ್ಕ ಬ್ಯಾಡ."