ಮಣಿಕಟ್ಟಿನ ಸಣ್ಣ ಮೂಳೆ

ಸ್ಕೇಟಿಂಗ್ ಅಂಗಳದಲ್ಲಿ ಬಾಡಿಗೆ ಬೂಟುಗಳ ಗಾಲಿ ಬಿಗಿ ಮಾಡುವುದು, ಹೊಸಬರಿಗೆ ನಿಲ್ಲಲು ಕಲಿಸುವುದು: ಗಾಲಿ ಮೇಷ್ಟ್ರು ಇಪ್ಪತ್ತೊಂಬತ್ತು ವರ್ಷ ಮಾಡಿದ್ದು ಈ ಎರಡು ಕೆಲಸಗಳನ್ನು. ಬೂಟನ್ನು ಕಿವಿಯ ಬಳಿ ಹಿಡಿದು ಗಾಲಿ ತಿರುಗಿಸಿದರೆ ಬೇರಿಂಗು ಎಷ್ಟು ಸವೆದಿದೆ ಎಂದು ಹೇಳಬಲ್ಲವರು. ಬಿದ್ದವರನ್ನು ಪರೀಕ್ಷಿಸಲು ಅಂಗಳದವರದೇ ಒಂದು ಪದ್ಧತಿಯಿತ್ತು. ಐದು ಬೆರಳನ್ನೂ ಮಡಿಸಿ ಬಿಡಿಸಲು ಬಂದರೆ ಮೂಳೆ ಮುರಿದಿಲ್ಲ, ಬರೀ ಉಳುಕು. ವೈದ್ಯಶಾಸ್ತ್ರದಲ್ಲಿ ಇಂಥ ನಿಯಮವಿಲ್ಲ. ಅಂಗಳದಲ್ಲಿ ಮಾತ್ರ ಅದೇ ಕಾನೂನು. ಮಣಿಕಟ್ಟಿಗೆ ಕಟ್ಟುವ ಹನ್ನೆರಡು ಜೊತೆ ರಕ್ಷಾಪಟ್ಟಿಗಳೂ ಇದ್ದವು, ಕಚೇರಿಯ ಗಾಜಿನ ಕಪಾಟಿನಲ್ಲಿ, ಬೀಗದೊಳಗೆ. ಕೊಳೆಯಾಗುತ್ತವೆಂದು ಮ್ಯಾನೇಜರು ಅವನ್ನು ತಪಾಸಣೆಯ ದಿನ ಮಾತ್ರ ಹೊರತೆಗೆಯುತ್ತಿದ್ದರು.

ಮೇಷ್ಟ್ರಿಗೆ ಒಬ್ಬಳೇ ಮಗಳು, ಮೂವತ್ತನಾಲ್ಕು ವರ್ಷದ ದರ್ಜಿ. ಅವಳ ಕತ್ತರಿ ಸೀಮೆಸುಣ್ಣದ ಗೆರೆಯಿಂದ ಒಂದು ಎಳೆಯೂ ಸರಿಯುತ್ತಿರಲಿಲ್ಲ. “ಹೊಲಿಯೋರು ಬೇಕಾದಷ್ಟು ಸಿಗ್ತಾರೆ, ಕತ್ತರಿಸೋಳು ಇವಳೊಬ್ಬಳೇ” ಎಂದು ಅಂಗಡಿಯ ಒಡತಿ ಎಲ್ಲರೆದುರು ಹೇಳುತ್ತಿದ್ದಳು.

ಒಂದು ಭಾನುವಾರ ಅವಳು ಅಪ್ಪನಿಗೆ ಊಟ ತಂದಳು. ಅಂಗಳ ಖಾಲಿಯಿತ್ತು.

“ಒಂದು ಸುತ್ತು ಬಾರೇ.”

“ಈ ವಯಸ್ಸಲ್ಲಿ ನನ್ನ ಕುಣಿಸ್ಬೇಕಾ ನೀನು?”

“ನಿನ್ನ ಹೊಲಿಗೆ ಮಿಷನ್ನಿಗೂ ಗಾಲಿ ಇದೆಯಲ್ಲ!”

“ಅದು ನಿಂತಲ್ಲೇ ತಿರುಗತ್ತಪ್ಪಾ. ಬೀಳಲ್ಲ.”

ನಗುತ್ತಲೇ ಬೂಟು ಕಟ್ಟಿಕೊಂಡಳು. ಮೂರನೆಯ ತಿರುವಿನಲ್ಲಿ ಕಾಲು ಜಾರಿ, ಬಲ ಅಂಗೈ ಊರಿ ಬಿದ್ದಳು.

ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಆದರೂ ವೈದ್ಯರು ಮಣಿಕಟ್ಟಿಗೆ ಗಟ್ಟಿ ಪಟ್ಟಿ ಕಟ್ಟಿದರು. “ಹೆಬ್ಬೆರಳಿನ ಬುಡದಲ್ಲಿ ನೋವಿದೆ. ಇಲ್ಲಿರೋ ಸಣ್ಣ ಮೂಳೆ ಬಿರುಕು ಬಿಟ್ಟಿದ್ರೆ ಮೊದಲ ದಿನ ಗೊತ್ತಾಗದೇ ಇರಬಹುದು. ಪಟ್ಟಿ ಬಿಚ್ಚಬೇಡಿ. ಹತ್ತು ದಿನಕ್ಕೆ ಬನ್ನಿ.”

ನಾಲ್ಕನೆಯ ದಿನಕ್ಕೆ ಊತ ಇಳಿಯಿತು. ಮೇಷ್ಟ್ರು ಬೆರಳು ಮಡಿಸಿ ಬಿಡಿಸಲು ಹೇಳಿದರು.

“ನೋಡು, ಐದೂ ಹೂವಿನ ಹಾಗೆ ಅರಳ್ತಿವೆ! ಇಂಥ ಉಳುಕು ಸಾವಿರ ನೋಡಿದೀನಿ.”

“ಡಾಕ್ಟ್ರು ಬೇಡ ಅಂದಿದ್ರಲ್ಲಪ್ಪಾ?”

“ಅವರು ಪುಸ್ತಕದಲ್ಲಿ ಕಲಿತೋರು. ನಾನು ನೆಲದ ಮೇಲೆ ಕಲಿತೋನು.”

ಪಟ್ಟಿ ಬಿಚ್ಚಿ, ಎಣ್ಣೆ ಬಿಸಿ ಮಾಡಿ ತಾವೇ ತಿಕ್ಕಿದರು. ಅವಳು ಹಲ್ಲು ಕಚ್ಚಿ ಸಹಿಸಿಕೊಂಡಳು, ಮಾರನೆಯ ದಿನವೇ ಕತ್ತರಿ ಹಿಡಿದಳು. ಮತ್ತೆ ಆಸ್ಪತ್ರೆಗೆ ಹೋದದ್ದು ಏಳು ತಿಂಗಳ ನಂತರ, ಕತ್ತರಿ ಕೈಯಿಂದ ಜಾರತೊಡಗಿದಾಗ. ಅಷ್ಟರಲ್ಲಿ ಆ ಮೂಳೆ ಎರಡು ಹೋಳಾಗಿತ್ತು. ರಕ್ತ ಸಿಗದೆ ಒಂದು ಹೋಳು ಸತ್ತಿತ್ತು. ಶಸ್ತ್ರಚಿಕಿತ್ಸೆಯಿಂದ ನೋವು ತಗ್ಗಿತು. ಹಿಡಿತ ಮರಳಲಿಲ್ಲ.

ಹಣೆಬರಹವೆಂದು ಸಮಾಧಾನ ಹೇಳಿದವರುಂಟು. ಹಣೆಬರಹಕ್ಕೆ ಬೀಗ ಹಾಕಿ ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡು ಯಾರೂ ತಿರುಗುವುದಿಲ್ಲ. ರಕ್ಷಾಪಟ್ಟಿಗಳ ಆ ಕಪಾಟಿಗೆ ಹಾಗೆ ಮಾಡಿದ್ದರು. ಆದರೆ ಮೇಷ್ಟ್ರು ಕಪಾಟಿನ ಮಾತೆತ್ತುವುದಿಲ್ಲ. ವೈದ್ಯರು ಕಟ್ಟಿದ ಪಟ್ಟಿ ಬಿಚ್ಚಿದ್ದು ತಮ್ಮ ಕೈ ಎಂಬುದನ್ನು ಅವರು ಒಂದು ದಿನವೂ ಮರೆತಿಲ್ಲ.

ಅಂಗಳದ ಕೆಲಸ ಬಿಟ್ಟರು. ಈಗ ಮನೆಯ ಮೇಜಿನ ಮೇಲೆ ಮಗಳು ಎಡಗೈಯಲ್ಲಿ ಗೆರೆ ಎಳೆಯುತ್ತಾಳೆ, ಅಪ್ಪ ಕತ್ತರಿಸುತ್ತಾರೆ. ಮೊನ್ನೆ ರವಿಕೆಯ ತೋಳೊಂದನ್ನು ಕತ್ತರಿಸುವಾಗ ಕತ್ತರಿ ಗೆರೆ ಬಿಟ್ಟು ಎರಡು ಬೆರಳಗಲ ಒಳಗೆ ಹೋಯಿತು. ಹಿಂದೆ ಇಂಥ ತಪ್ಪು ಕಂಡರೆ ಮಗಳು ಅಂಗಡಿಯೇ ನಡುಗುವಂತೆ ರೇಗುತ್ತಿದ್ದಳು. ಮೇಷ್ಟ್ರು ಕತ್ತರಿ ಕೆಳಗಿಟ್ಟು, ಬೈಗುಳಕ್ಕೆ ಕಾದು ನಿಂತರು.

ಅವಳು ಬಟ್ಟೆಯನ್ನು ಮೆಲ್ಲನೆ ತನ್ನ ಕಡೆಗೆ ಎಳೆದುಕೊಂಡಳು.

“ಪರವಾಗಿಲ್ಲ ಬಿಡಪ್ಪಾ. ಹೊಲಿಗೆಯೊಳಗೆ ಹೋಗತ್ತೆ.”

ಎರಡು ಬೆರಳಗಲದ ತಪ್ಪು ಯಾವ ಹೊಲಿಗೆಯೊಳಗೂ ಹೋಗುವುದಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು.